ಪಾಯಿಂಟ್ ಓಡಿತು, ಪೆನ್ಸಿಲ್ ಓಡಲಿಲ್ಲ

ಸಂಪಾದಕರಿಗೆ ನಮಸ್ಕಾರ,

ನಾನು ಬಳ್ಳಾರಿಯಲ್ಲಿ ಫ್ಯಾಷನ್ ಡಿಸೈನ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಈಗ ಯಾರನ್ನು ಕೇಳಿದರೂ ಒಂದೇ ಮಾತು. ಮಕ್ಕಳಿಗೆ ಓದಿನಲ್ಲಿ ಆಸಕ್ತಿ ಇಲ್ವಾ, ಮೊಬೈಲಿಗೆ ಒಂದು ಆ್ಯಪ್ ಹಾಕಿಸಿ, ಪಾಯಿಂಟು, ಬ್ಯಾಡ್ಜು ಬಂದರೆ ತಾವೇ ಕಲಿಯುತ್ತಾರೆ ಅಂತ. ಕಳೆದ ವರ್ಷ ನಾನೂ ನಂಬಿ ಹಾಕಿಸಿದೆ. ಏನಾಯಿತು ಅಂತ ಹೇಳಿಬಿಡೋಣ ಅನಿಸಿತು, ಅದಕ್ಕೇ ಈ ಪತ್ರ.

ಮೊದಲ ತಿಂಗಳು ಖುಷಿಯೋ ಖುಷಿ. ಕ್ಲಾಸಿಗೆ ಬಂದವರೇ ನಿಂದೆಷ್ಟು, ನಂದೆಷ್ಟು ಅಂತ ಶುರು. ಒಬ್ಬಳದ್ದಂತೂ 43 ದಿನದ ಸ್ಟ್ರೀಕ್, ಅಂದರೆ ಒಂದು ದಿನವೂ ತಪ್ಪದೆ ಆ್ಯಪ್ ತೆರೆದಿದ್ದಾಳೆ. ಜೀನ್ಸ್ ಜೇಬಿನ ರಿವೆಟ್‌ಗೆ, ಅಂದರೆ ಅಲ್ಲಿ ಬಡಿದಿರುವ ಪುಟ್ಟ ಲೋಹದ ಗುಂಡಿಗೆ, ಪೇಟೆಂಟ್ ಸಿಕ್ಕಿದ್ದು ಯಾವಾಗ ಅಂದರೆ, 1873, ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ ಅಂತ ಪಟ್ಟನೆ ಹೇಳಿದಳು. ಸರಿ, ಅದು ಜೇಬಿನ ಮೂಲೆಯಲ್ಲೇ ಯಾಕಮ್ಮಾ ಇರುತ್ತೆ ಅಂದೆ. ಸುಮ್ಮನೆ ನಿಂತಳು. ಕೈ ಹಾಕಿ ತೆಗೆದು ಮಾಡುವಾಗ ಹೊಲಿಗೆ ಮೊದಲು ಬಿಡುವುದೇ ಅಲ್ಲಿ, ಅಷ್ಟೇ ಉತ್ತರ. ಅವಳ ಓಣಿಯಲ್ಲೇ ಜೀನ್ಸ್ ಹೊಲಿಯುವ ಘಟಕ ಇದೆ, ನೋಡಿ! ಸ್ಕೆಚ್ ಬುಕ್ ತೆಗೆಸಿದೆ. ಆ 43 ದಿನದಲ್ಲಿ ಅವಳು ಬರೆದದ್ದು ಮೂರೇ ಪುಟ.

ಆಮೇಲೆ ಒಂದು ದಿನ ಅವಳ ಅಣ್ಣ ಫೋನ್ ತೆಗೆದುಕೊಂಡು ಊರಿಗೆ ಹೋದ. ಮನೆಗೆಲ್ಲ ಇರುವುದು ಅದೊಂದೇ. ಸ್ಟ್ರೀಕ್ ಮುರಿಯಿತು, ಲೆಕ್ಕ ಸೊನ್ನೆಗೆ ಬಂತು. ಅತ್ತಳು, ಮತ್ತೆ ಆ್ಯಪ್ ಮುಟ್ಟಲೇ ಇಲ್ಲ. ಫೋನು ದಿನವಿಡೀ ಕೈಯಲ್ಲೇ ಇರುತ್ತದೆ ಅಂದುಕೊಂಡವರು ಕಟ್ಟಿದ ಆಟ ಅದು, ಅವಳದೇನು ತಪ್ಪು ಹೇಳಿ?

ಈ ಬಹುಮಾನದ ವಿಷಯ ಹೊಸದೇನೂ ಅಲ್ಲ. 1973ರಲ್ಲೇ ಅಮೆರಿಕದಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಜೊತೆಯವರು ಚಿತ್ರ ಬರೆಯುವುದು ಇಷ್ಟವಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಕೆಲವರಿಗೆ ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿ, ಆಮೇಲೆ ಕೊಟ್ಟರು. ಒಂದೆರಡು ವಾರ ಬಿಟ್ಟು ನೋಡಿದರೆ, ಅದೇ ಮಕ್ಕಳು ಬಿಡುವಿನ ಹೊತ್ತಲ್ಲಿ ಬರೆಯುತ್ತಿದ್ದದ್ದು ಉಳಿದವರ ಸುಮಾರು ಅರ್ಧದಷ್ಟು. ಇದನ್ನು ಬಿ.ಎಡ್. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ನಾನೇ ಮರೆತಿದ್ದೆ.

ಹಾಗಂತ ಆ್ಯಪ್ ಬೇಡ ಅಂತಲ್ಲ. ಜಿಪ್ ಕೂರಿಸುವುದನ್ನು ಒಂದೇ ಮೆಷಿನ್ ಸುತ್ತ ಮೂವತ್ತು ಜನ ನಿಂತು ನೋಡಿದರೆ ಹಿಂದಿನವರಿಗೆ ನನ್ನ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. ಫೋನಿನಲ್ಲಾದರೆ ಸೂಜಿ ತಿರುಗುವ ಜಾಗದಲ್ಲಿ ನಿಲ್ಲಿಸಿ, ಹಿಂದೆ ಹೋಗಿ, ಹತ್ತು ಸಲ ನೋಡಬಹುದು, ಯಾರೂ ಬೈಯುವುದಿಲ್ಲ. ಅದು ದೊಡ್ಡ ಉಪಕಾರವೇ.

ಕೊನೆಗೆ ನಾನು ಪಾಯಿಂಟಿನ ಕಥೆ ಬಿಟ್ಟೆ. ಹಳೆಯ ಜೀನ್ಸ್ ತನ್ನಿ, ಮುಂದಿನ ಜೇಬಿನ ಹೊಲಿಗೆ ಬಿಚ್ಚಿ, ಬ್ರೌನ್ ಪೇಪರ್ ಮೇಲೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಅಳತೆಯ ನಕ್ಷೆ, ತೆಗೆದು ಫೋಟೊ ಹಾಕಿ ಅಂದೆ. ಫೋನ್ ಯಾರದ್ದಾದರೂ ಸರಿ, ಯಾವ ದಿನವಾದರೂ ಸರಿ. ಗ್ರೂಪಿನಲ್ಲಿ ಒಬ್ಬರದ್ದು ಒಬ್ಬರು ನೋಡಲು ಶುರು ಮಾಡಿದರು. ಒಬ್ಬಳ ಅಪ್ಪ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ಮಗಳ ಫೋನಿನಲ್ಲಿ ಆ ಸ್ಟ್ರೀಕ್ ಹುಡುಗಿಯ ಪ್ಯಾಟರ್ನ್ ನೋಡಿ ವಾಯ್ಸ್ ಮೆಸೇಜ್ ಕಳಿಸಿದರು: "ಬಾಯಿ ಅರ್ಧ ಇಂಚು ಸಣ್ಣದಾಗೈತಮ್ಮಾ, ಕೈ ಹೋಗಲ್ಲ. ನಿನ್ ಕೈ ಇಟ್ಟು ನೋಡು." ಹಿಂದೆ ಮೆಷಿನ್ ಸದ್ದು ಜೋರಾಗಿತ್ತು. ಆ ಹುಡುಗಿ ಅದೇ ರಾತ್ರಿ ಮತ್ತೆ ಬರೆದಳು, ಬೆಳಿಗ್ಗೆ ಇನ್ನೊಂದು ಸಲ. ಬ್ರೌನ್ ಪೇಪರ್ ಮುಗಿದಾಗ ಕ್ಯಾಲೆಂಡರ್ ಹಾಳೆಯ ಹಿಂದೆ. ನಾನು ಹೇಳಿರಲಿಲ್ಲ, ಮಾರ್ಕ್ಸೂ ಇರಲಿಲ್ಲ.

ಕಾಲೇಜುಗಳವರಿಗೆ ನನ್ನದೊಂದು ಮನವಿ. ಆ್ಯಪಿಗೆ ದುಡ್ಡು ಕಟ್ಟುವ ಮುಂಚೆ ಅದು ಕನ್ನಡದಲ್ಲಿದೆಯಾ, ವಿಡಿಯೊ ಇಳಿಸಿಟ್ಟುಕೊಂಡು ನೆಟ್‌ವರ್ಕ್ ಇಲ್ಲದ ಊರಲ್ಲೂ ನೋಡಬಹುದಾ, ಹುಡುಗಿಯರು ತಮ್ಮ ಕೆಲಸ ಹಾಕಿ ಬೇರೆಯವರಿಂದ ಮಾತು ಕೇಳಿಸಿಕೊಳ್ಳಲು ಜಾಗ ಇದೆಯಾ ನೋಡಿ. ನಮ್ಮ ಆ್ಯಪಿನಲ್ಲಿ ಪ್ಯಾರಿಸ್ ಇದೆ, ಮಿಲಾನ್ ಇದೆ. ಸಂಡೂರಿನ ಲಂಬಾಣಿ ಕಸೂತಿಯಾಗಲಿ, ಪಕ್ಕದ ಕೊಪ್ಪಳದ ಕಿನ್ನಾಳದ ಚಿತ್ರಗಾರರ ಬಣ್ಣವಾಗಲಿ, ಬಳ್ಳಾರಿಯ ಜೀನ್ಸ್ ಆಗಲಿ ಒಂದೂ ಇಲ್ಲ. ಇವರ ಕೈ ಕೆಲಸದ ಎರಡೆರಡು ನಿಮಿಷದ ವಿಡಿಯೊ ಮಾಡಿಸಿ. ಸುಮ್ನೆ ಕರೆಸಬೇಡಿ, ಆ ದಿನದ ಕೂಲಿ ಕೊಟ್ಟು ಕರೆಸಿ. ಮೊದಲು ಆ ಕಟಿಂಗ್ ಮಾಸ್ಟರ್‌ನೇ ಕೇಳುತ್ತೇನೆ, ಭಾನುವಾರ ಆದರೆ ಬರುತ್ತೇನೆ ಅಂದಿದ್ದಾರೆ.

ಒಬ್ಬ ಅತಿಥಿ ಉಪನ್ಯಾಸಕಿ, ಬಳ್ಳಾರಿ