ಪಿಯಾನೊ ಇನ್ನು ತಡವಾಗಿ ಸಿಗುತ್ತದೆ, ಬೆಲೆಯೂ ಹೆಚ್ಚಾಗುತ್ತದೆ: ಗ್ರಾಹಕರಿಗೆ ಪತ್ರ

ಹುಬ್ಬಳ್ಳಿ

ಗ್ರಾಹಕ ಬಂಧುಗಳಿಗೆ ನಮಸ್ಕಾರಗಳು.

ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇವೆ. ಬರುವ ದೀಪಾವಳಿಯಿಂದ ನಮ್ಮ ಅಂಗಡಿಯಲ್ಲಿ ರೀಕಂಡೀಶನ್ ಮಾಡಿದ, ಅಂದರೆ ಹಳೆಯದನ್ನು ತಿದ್ದಿ ಸರಿಮಾಡಿದ, ಅಪ್‌ರೈಟ್ (ನೆಟ್ಟಗೆ ನಿಲ್ಲುವ) ಪಿಯಾನೊಗಳನ್ನು ಲಾರಿಯಿಂದ ಇಳಿಸಿದ ವಾರವೇ ಮಾರುವುದಿಲ್ಲ. ಬಂದ ಪ್ರತಿಯೊಂದು ವಾದ್ಯವೂ ಗೋಕುಲ ರಸ್ತೆಯ ನಮ್ಮ ಗೋದಾಮಿನಲ್ಲಿ ಕನಿಷ್ಠ ಮೂರು ತಿಂಗಳು ನಿಲ್ಲುತ್ತದೆ. ಆ ಅವಧಿಯಲ್ಲಿ ಅದರ ಕೆಲಸವೆಲ್ಲ ಮುಗಿದು, ಎರಡು ಸಲ ಶ್ರುತಿಯಾಗಿ, ಎರಡನೆಯ ಶ್ರುತಿ ನಿಂತಿದೆ ಎಂದು ರಿಪೇರಿ, ಶ್ರುತಿ ಎರಡನ್ನೂ ಮಾಡುವ ನಮ್ಮ ಮಾಸ್ತರರು ಒಪ್ಪಿದ ಮೇಲಷ್ಟೇ ಬೆಲೆಚೀಟಿ ಹಚ್ಚುತ್ತೇವೆ. 'ಇದ್ದ ಹಾಗೆಯೇ ಕೊಟ್ಟುಬಿಡಿ, ರಿಪೇರಿ ನಾವು ನೋಡಿಕೊಳ್ಳುತ್ತೇವೆ' ಎನ್ನುವವರಿಗೆ ಕಡಿಮೆ ದರದಲ್ಲಿ ಕೊಡುತ್ತಿದ್ದ ಪದ್ಧತಿಯನ್ನು ಪೂರ್ತಿ ನಿಲ್ಲಿಸಿದ್ದೇವೆ. ಇದರಿಂದ ಬೆಲೆ ಏರುತ್ತದೆ. ಬಿಲ್ಲಿನಲ್ಲಿ ವಾದ್ಯದ ಬೆಲೆ, ಕೆಲಸದ ಮಜೂರಿ, ಸಾಗಣೆ ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಕೊಡುತ್ತೇವೆ.

ದಸರೆಗೆ ಪಿಯಾನೊ ಮನೆಗೆ ಬರುತ್ತದೆ ಎಂದು ಮಕ್ಕಳಿಗೆ ಹೇಳಿಟ್ಟವರಿದ್ದೀರಿ. ಟ್ರಿನಿಟಿ ಸಂಗೀತ ಪರೀಕ್ಷೆಗೆ ಮಗಳನ್ನು ಕೂರಿಸಬೇಕೆಂದು ಕಾದಿರುವವರಿದ್ದೀರಿ. ನಿಮ್ಮನ್ನು ಕಾಯಿಸುತ್ತಿರುವುದಕ್ಕೆ ಮನಃಪೂರ್ವಕ ಕ್ಷಮೆ ಕೇಳುತ್ತೇವೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ನಡೆಯುತ್ತದೆ, ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಕಾಯಲಾಗದವರು ಬಂದು ಮುಂಗಡ ವಾಪಸು ಪಡೆಯಬಹುದು. ಯಾಕೆ ಎಂದು ಕೇಳುವುದಿಲ್ಲ, ಮುಖವನ್ನೂ ಸಣ್ಣದು ಮಾಡಿಕೊಳ್ಳುವುದಿಲ್ಲ. ಪರೀಕ್ಷೆ ಹತ್ತಿರ ಬಂದಿದ್ದರೆ ಗೋದಾಮಿನಲ್ಲಿ ನಿಂತಿರುವ ಪಿಯಾನೊದ ಮೇಲೆ ಸಂಜೆ ಹೊತ್ತು ಅಭ್ಯಾಸಕ್ಕೆ ಮಕ್ಕಳನ್ನು ಕಳುಹಿಸಿ. ಅದಕ್ಕೆ ಶುಲ್ಕವಿಲ್ಲ. ನುಡಿಸಿದಷ್ಟೂ ವಾದ್ಯ ಪಳಗುತ್ತದೆ, ನಮಗೂ ಅದು ಬೇಕು.

ಇನ್ನು ನಾವು ಅಂಗಡಿಯಲ್ಲಿ, ಫೋನಿನಲ್ಲಿ, ಕೊನೆಗೆ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿಸಿಕೊಂಡ ಮಾತು: 'ಇದೇ ಯಮಾಹಾ ಯು-1 ಮೊಬೈಲಿನಲ್ಲಿ ಅರ್ಧ ಬೆಲೆಗೆ ಕಾಣಿಸುತ್ತಿದೆ. ಅದೂ ರೀಕಂಡೀಶನ್ ಎಂದೇ ಬರೆದಿದ್ದಾರೆ. ನೀವು ಮಾತ್ರ ಯಾಕೆ ಇಷ್ಟು ಹೇಳುತ್ತೀರಿ?'

ಕೇಳುವುದು ನಿಮ್ಮ ಹಕ್ಕು. ಆದರೆ ಕೇಳುವ ಧಾಟಿಯಲ್ಲಿ ನಾವು ಏನೋ ಕದ್ದಿದ್ದೇವೆ ಎಂಬ ಭಾವ ಇರುತ್ತದಲ್ಲ, ಅದು ನೋಯಿಸುತ್ತದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳುತ್ತೇವೆ.

ಯು-1 ಎಂಬುದು ಜಪಾನಿನ ಯಮಾಹಾ ಸಂಸ್ಥೆಯ 121 ಸೆಂಟಿಮೀಟರ್ ಎತ್ತರದ ಒಂದು ಮಾದರಿಯ ಹೆಸರು. ಹಲವು ದಶಕಗಳಿಂದ ಅದೇ ಹೆಸರಿನಲ್ಲಿ ತಯಾರಾಗುತ್ತ ಬಂದಿದೆ. ಐವತ್ತು ವರ್ಷ ಹಳೆಯದೂ ಯು-1, ಹದಿನೈದು ವರ್ಷದ್ದೂ ಯು-1. ಮೇಲಿನ ಮುಚ್ಚಳ ಎತ್ತಿದರೆ ಕಬ್ಬಿಣದ ಚೌಕಟ್ಟಿನ ಮೇಲೆ ಕ್ರಮಸಂಖ್ಯೆ ಕಾಣುತ್ತದೆ, ಅದರಿಂದ ತಯಾರಾದ ವರ್ಷ ತಿಳಿಯುತ್ತದೆ. ಕ್ರಮಸಂಖ್ಯೆಯ ಫೋಟೊ ಕಳುಹಿಸಿ ಎಂದು ಆ ಅರ್ಧ ಬೆಲೆಯವರನ್ನು ಕೇಳಿ ನೋಡಿ. ಕಳುಹಿಸಿದರೆ ಅರ್ಧ ಮಾತು ಮುಗಿಯಿತು. 'ವರ್ಷ ಏನು ಮಾಡುತ್ತೀರಿ ಸರ್, ಕಂಡೀಶನ್ ನೋಡಿ' ಎಂಬ ಉತ್ತರ ಬಂದರೆ ಮಾತು ಪೂರ್ತಿಯೇ ಮುಗಿಯಿತು.

ಎರಡನೆಯದು, ರೀಕಂಡೀಶನ್ ಎಂದರೆ ಇಷ್ಟಿಷ್ಟು ಕೆಲಸ ಎಂದು ಎಲ್ಲೂ ಗೊತ್ತುಪಡಿಸಿಲ್ಲ. ಹೊರಮೈಗೆ ಕಪ್ಪು ಪಾಲಿಶ್ ಹೊಡೆದು, ಪೆಡಲಿನ ಹಿತ್ತಾಳೆ ತಿಕ್ಕಿ, ಕೀಗಳನ್ನು ಒರೆಸಿ ಕೊಟ್ಟರೂ ಅದು ರೀಕಂಡೀಶನ್ ಎನಿಸಿಕೊಳ್ಳುತ್ತದೆ. ಮೇಲೆ ಥಳುಕು, ಒಳಗೆ ಹುಳುಕು. ಇಲ್ಲಿ ಹುಳುಕು ಎಂದದ್ದು ಬರೀ ಮಾತಿಗಲ್ಲ. ಪಿಯಾನೊದ ಒಳಗೆ ಇರುವ ಫೆಲ್ಟ್ ಎಲ್ಲವೂ ಉಣ್ಣೆ, ನುಸಿಗೆ ಅದು ಹಬ್ಬದ ಊಟ. ಕಳೆದ ಮಳೆಗಾಲದಲ್ಲಿ ಒಬ್ಬ ಗ್ರಾಹಕರು ಬೇರೆ ಊರಿನಲ್ಲಿ ಕೊಂಡ ಪಿಯಾನೊವನ್ನು ತೋರಿಸಲು ಕರೆದರು. ಹೊರಗೆ ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು. ಮುಂದಿನ ಹಲಗೆ ಬಿಚ್ಚಿದರೆ, ತಂತಿ ಬಡಿಯುವ ಪುಟ್ಟ ಸುತ್ತಿಗೆಯಾದ ಹ್ಯಾಮರನ್ನು ಅದರ ಕೆಳಗಿನ ಸನ್ನೆಗೆ ಜೋಡಿಸಬೇಕಾದ ಬಿಳಿ ಬಟ್ಟೆಯ ಸಣ್ಣ ಬ್ರೈಡಲ್ ಪಟ್ಟಿಗಳು ಮುಟ್ಟಿದರೆ ಪುಡಿಯಾಗಿ ಉದುರಿದವು. ಹ್ಯಾಮರಿನ ಮೂತಿಯ ಮೇಲೆ ತಂತಿ ಬಡಿದು ಬಡಿದು ಮೂರು ಗೆರೆಗಳು ಉಗುರಿನಲ್ಲಿ ಗೀರಿದ ಹಾಗೆ ಆಳವಾಗಿ ಬಿದ್ದಿದ್ದವು. ಅಂಥ ಹ್ಯಾಮರ್ ಗಟ್ಟಿಯಾಗಿರುತ್ತದೆ, ನಾದ ಮೆತ್ತಗೆ ಬರುವುದಿಲ್ಲ, ತಗಡು ಬಡಿದಂತೆ ಕೇಳುತ್ತದೆ. ಅವುಗಳನ್ನು ಒಂದೊಂದಾಗಿ ಉಪ್ಪುಕಾಗದದಲ್ಲಿ ಉಜ್ಜಿ ಆಕಾರಕ್ಕೆ ತಂದು, ಸೂಜಿಯಿಂದ ಚುಚ್ಚಿ ಸಡಿಲಿಸಬೇಕು. ಎಂಬತ್ತೆಂಟು ಹ್ಯಾಮರ್‌ಗಳು. ಉಜ್ಜಲು ಫೆಲ್ಟೇ ಉಳಿದಿಲ್ಲದಿದ್ದರೆ ಎಂಬತ್ತೆಂಟನ್ನೂ ಹೊಸದಾಗಿ ಹಾಕಬೇಕು.

ನಮ್ಮ ಗೋದಾಮಿನಲ್ಲಿ ಮಾಸ್ತರರು ಮಾಡುವುದು ಇದೇ ಕೆಲಸ. ಕೀಗಳನ್ನೆಲ್ಲ ಕಳಚಿ ಕೆಳಗಿನ ದೂಳು ತೆಗೆಯುತ್ತಾರೆ. ಅಲ್ಲಿ ಸಿಕ್ಕಿದ ಜಪಾನಿನ ನಾಣ್ಯ, ತಲೆಪಿನ್ನು, ಮುರಿದ ಪೆನ್ಸಿಲ್ ಚೂರುಗಳನ್ನು ಒಂದು ಪೇಢೆ ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ, ಬಂದಾಗ ಕೇಳಿದರೆ ತೋರಿಸುತ್ತಾರೆ. ಪ್ರತಿ ಕೀ ಸುಮಾರು 10 ಮಿಲಿಮೀಟರ್ ಇಳಿಯಬೇಕು, ಒಂದು ಹೆಚ್ಚು ಒಂದು ಕಡಿಮೆ ಆದರೆ ಬೆರಳು ಎಡವುತ್ತದೆ. ಅದನ್ನು ಕಾಗದದಷ್ಟು ತೆಳುವಾದ ಬಿಲ್ಲೆಗಳನ್ನು ಇಟ್ಟು ಸರಿದೂಗಿಸುತ್ತಾರೆ. ಆಮೇಲೆ ತಂತಿ ಸುತ್ತಿದ ಗೂಟಗಳ ಪರೀಕ್ಷೆ. ಮಂದ್ರದ ಕೊನೆಯಲ್ಲಿ ಸ್ವರಕ್ಕೆ ಒಂದು ತಂತಿ, ಆಮೇಲೆ ಎರಡು, ಮುಂದೆ ತಾರದವರೆಗೆ ಮೂರು ಮೂರು. ಹೀಗೆ ಒಟ್ಟು ಇನ್ನೂರಿಪ್ಪತ್ತರ ಆಸುಪಾಸು ತಂತಿಗಳು, ಅವೆಲ್ಲ ಸೇರಿ ಎಳೆಯುವ ಭಾರ ಸುಮಾರು 18ರಿಂದ 20 ಟನ್. ಅಷ್ಟನ್ನು ಹಿಡಿದು ನಿಲ್ಲಬೇಕಾದ ಗೂಟ ಮರದಲ್ಲಿ ಸಡಿಲವಾಗಿದ್ದರೆ ಶ್ರುತಿ ಮಾಡಿದ್ದು ವಾರ ನಿಲ್ಲುವುದಿಲ್ಲ. ಅಂಥ ಗೂಟ ಕಿತ್ತು ದಪ್ಪನೆಯದು ಹಾಕಬೇಕು. ಇದಕ್ಕೆಲ್ಲ ಕೊಡುವ ಹಣ ಹೊರಗಿನಿಂದ ನೋಡುವವರಿಗೆ ಕಾಣುವುದೇ ಇಲ್ಲ, ಕಾಣುವುದು ಪಾಲಿಶ್ ಒಂದೇ.

ಇಷ್ಟಾದರೂ ಮೂರು ತಿಂಗಳು ಯಾಕೆ ಎನ್ನುತ್ತೀರಿ. ಜಪಾನಿನ ಒಂದು ಮನೆಯಲ್ಲಿ ಮೂವತ್ತು ನಲವತ್ತು ವರ್ಷ ನಿಂತ ಮರ, ಹಡಗಿನ ಕಂಟೇನರಿನಲ್ಲಿ ವಾರಗಟ್ಟಲೆ ಕುಳಿತು, ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ ಇಳಿದು ನಮ್ಮಲ್ಲಿಗೆ ಬರುತ್ತದೆ. ತಂತಿಗಳ ಹಿಂದೆ ಇರುವ, ನಾದವನ್ನು ದೊಡ್ಡದು ಮಾಡುವ ತೆಳುವಾದ ಮರದ ಹಲಗೆ, ಅಂದರೆ ಸೌಂಡ್‌ಬೋರ್ಡ್, ಹವೆಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಮನೆಯ ಕಪಾಟಿನ ಬಾಗಿಲು ಬಿಗಿಯುವ ಹಾಗೆ ಅದೂ ಉಬ್ಬಿ ತಂತಿಗಳನ್ನು ಬಿಗಿಸುತ್ತದೆ, ಸ್ವರ ಏರುತ್ತದೆ, ಕೀಗಳು ಹಿಡಿದುಕೊಳ್ಳುತ್ತವೆ. ಚೈತ್ರದ ಒಣ ಬಿಸಿಲಿಗೆ ಕುಗ್ಗಿ ಸ್ವರ ಇಳಿಯುತ್ತದೆ, ಗೂಟ ಸಡಿಲವಾಗುತ್ತದೆ, ದುರದೃಷ್ಟವಿದ್ದರೆ ಹಲಗೆ ಸೀಳುತ್ತದೆ. ಪಿಯಾನೊಗೆ ಹಿತವಾದದ್ದು ಶೇಕಡಾ 40ರಿಂದ 60ರ ಒಳಗಿನ ತೇವ. ನಮ್ಮ ಊರಿನ ಹವೆ ಎರಡೂ ದಿಕ್ಕಿನಲ್ಲಿ ಆ ಗೆರೆ ದಾಟುತ್ತದೆ. ಇಲ್ಲಿನ ಗಾಳಿ ಕುಡಿಯದ ಪಿಯಾನೊವನ್ನು ನೇರವಾಗಿ ನಿಮ್ಮ ಮನೆಗೆ ಇಳಿಸಿದರೆ ಅದರ ಹಟ ಹೊರಬೀಳುವುದು ನಿಮ್ಮ ಮನೆಯಲ್ಲಿ, ಬೈಗುಳ ಬರುವುದು ನಮಗೆ. ಮೂರು ತಿಂಗಳಲ್ಲಿ ಎಲ್ಲ ಋತುಗಳೂ ಬರುವುದಿಲ್ಲ ಎಂದು ನಮಗೂ ಗೊತ್ತು. ವರ್ಷಪೂರ್ತಿ ನಿಲ್ಲಿಸಿಕೊಳ್ಳುವಷ್ಟು ಬಂಡವಾಳ ನಮ್ಮಲ್ಲಿಲ್ಲ. ಈ ಮೂರು ತಿಂಗಳಿಗೇ ಗೋದಾಮಿನ ಬಾಡಿಗೆ, ಪತ್ತಿನ ಸಂಘದ ಬಡ್ಡಿ ಎರಡೂ ಓಡುತ್ತಿರುತ್ತವೆ. ಬೆಲೆ ಏರಿದ್ದರಲ್ಲಿ ದೊಡ್ಡ ಪಾಲು ಇದೇ.

ಸಾಗಣೆಯ ಬಗ್ಗೆಯೂ ಹೇಳಿಬಿಡುತ್ತೇವೆ, ಯಾಕೆಂದರೆ ಅದರಲ್ಲಿ ನಾವು ಹಣ ಹೊಡೆಯುತ್ತೇವೆ ಎಂಬ ಮಾತು ಹಬ್ಬಿದೆ. ಯು-1 ತೂಗುವುದು ಸುಮಾರು 225 ಕಿಲೊ. ಭಾರವೆಲ್ಲ ಹಿಂಬದಿಯ ಕಬ್ಬಿಣದಲ್ಲಿ, ಹೀಗಾಗಿ ಹಿಡಿಯುವವರಿಗೆ ಅದು ಯಾವಾಗ ವಾಲುತ್ತದೆ ಎಂದು ಗೊತ್ತಿರಬೇಕು. ಮುಂಬೈಯಿಂದ ಪುಣೆ, ಕೊಲ್ಹಾಪುರ, ಬೆಳಗಾವಿ ದಾಟಿ ಬರುವ ಲಾರಿಯಲ್ಲಿ ಅದರ ಮೇಲೆ ಬೇರೆ ಸರಕು ಹೇರುವ ಹಾಗಿಲ್ಲ, ಮಲಗಿಸುವ ಹಾಗಿಲ್ಲ. ಇಲ್ಲಿ ಬಂದ ಮೇಲೆ ನಿಮ್ಮ ಮನೆಗೆ ಒಯ್ಯಲು ಪಟ್ಟಿ ಹಾಕಿ ಎತ್ತುವುದನ್ನು ಬಲ್ಲ ಹಮಾಲರೇ ಬೇಕು. ಜಗಲಿ ಹತ್ತಿ, ನಡುಮನೆ ದಾಟಿ, ತಿರುವು ಇರುವ ಮೆಟ್ಟಿಲು ಏರಿ ಮಾಳಿಗೆಗೆ ಇಡಬೇಕೆನ್ನುತ್ತೀರಿ, 'ಒಂದು ಗಂಟೆಯ ಕೆಲಸಕ್ಕೆ ಇಷ್ಟೊಂದು ಹಣವೇ?' ಎಂದೂ ಕೇಳುತ್ತೀರಿ. ಆ ಒಂದು ಗಂಟೆಯಲ್ಲಿ ಕೆಳಗಡೆ ನಿಂತು ಭಾರ ಹೊರುವವನ ಬೆನ್ನು ಯಾರದು? ಹಮಾಲಿ ನಾವು ಇಟ್ಟುಕೊಳ್ಳುವುದಿಲ್ಲ, ಪೂರ್ತಿ ಅವರ ಕೈಗೆ ಹೋಗುತ್ತದೆ. ಇನ್ನು ಮುಂದೆ ಬೇಕಾದರೆ ನೀವೇ ನೇರವಾಗಿ ಅವರಿಗೆ ಕೊಡಿ, ನಮಗೇನೂ ಅಭ್ಯಂತರವಿಲ್ಲ. ಚೌಕಾಸಿ ಮಾತ್ರ ನಮ್ಮ ಎದುರು ಮಾಡಬೇಡಿ.

'ನಿಮ್ಮದು ಹಾರ್ಮೋನಿಯಂ ಅಂಗಡಿ, ಪಿಯಾನೊ ನಿಮಗೇನು ಗೊತ್ತು' ಎಂದು ಒಬ್ಬರು ಹೇಳಿ ಹೋದರು. ಅವರು ಈ ಪತ್ರ ಓದುತ್ತಾರೋ ಇಲ್ಲವೋ. ಯಮಾಹಾ ಸಂಸ್ಥೆಯ ಮೂಲಪುರುಷ ತೊರಕುಸು ಯಮಾಹಾ 1887ರಲ್ಲಿ ಜಪಾನಿನ ಹಮಾಮತ್ಸು ಊರಿನ ಶಾಲೆಯೊಂದರ ಕೆಟ್ಟ ರೀಡ್ ಆರ್ಗನ್ ರಿಪೇರಿ ಮಾಡಿಯೇ ಈ ದಾರಿಗೆ ಬಂದದ್ದು. ನಮ್ಮ ಹಾರ್ಮೋನಿಯಮ್ಮೂ ರೀಡಿನ, ಅಂದರೆ ಗಾಳಿಗೆ ನಡುಗುವ ತೆಳು ಲೋಹದ ಪಟ್ಟಿಯ, ವಾದ್ಯವೇ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಕೂದಲೆಳೆಯಷ್ಟು ಹೆಚ್ಚಾದರೆ ರೀಡೇ ಹಾಳು. ಆ ಕೆಲಸದಲ್ಲಿ ಪಳಗಿದ ಕಿವಿ ನಮ್ಮ ಮಾಸ್ತರರದು. ಗದುಗಿನ, ಧಾರವಾಡದ ಗಾಯಕರ ಸಾಥಿಗೆ ಕೂರುವ ಪೇಟಿಗಳನ್ನು ತಿದ್ದಿದವರಿಗೆ ಒಂದೇ ಸ್ವರದ ಮೂರು ತಂತಿಗಳು ಸರಿಯಾಗಿ ಕೂಡದಿದ್ದಾಗ ಏಳುವ ಬಡಿತ ಕೇಳುವುದಿಲ್ಲ ಎಂದರೆ ನಗು ಬರುತ್ತದೆ.

ಹೊಸದು ಕೊಳ್ಳುವುದೋ, ರೀಕಂಡೀಶನ್ ಆದದ್ದೋ ಎಂದು ಕೇಳುವವರಿಗೆ ನಮ್ಮ ಅಭಿಪ್ರಾಯ ಬದಲಾಗಿಲ್ಲ. ಇಂಡೊನೇಷ್ಯಾದಲ್ಲಿ ತಯಾರಾದ 109 ಸೆಂಟಿಮೀಟರಿನ ಸಣ್ಣ ಹೊಸ ಪಿಯಾನೊಕ್ಕಿಂತ ಚೆನ್ನಾಗಿ ತಿದ್ದಿದ 121 ಸೆಂಟಿಮೀಟರಿನ ಹಳೆಯದನ್ನೇ ನಾವು ನಮ್ಮ ಮನೆಗೆ ಆರಿಸಿಕೊಳ್ಳುತ್ತೇವೆ. ಎತ್ತರ ಹೆಚ್ಚಿದಷ್ಟು ಮಂದ್ರದ ತಂತಿ ಉದ್ದ, ನಾದ ತುಂಬಿ ಬರುತ್ತದೆ. ಆದರೆ ಖಾತರಿ ಪತ್ರ ಕೈಯಲ್ಲಿದ್ದರೆ ಮಾತ್ರ ನಿದ್ದೆ ಬರುತ್ತದೆ ಎನ್ನುವವರು ಹೊಸದನ್ನೇ ಕೊಳ್ಳಿ, ನಾವೇ ತರಿಸಿ ಕೊಡುತ್ತೇವೆ. ಹೊಸ ತಂತಿಗಳು ಹಿಗ್ಗುತ್ತಲೇ ಇರುವುದರಿಂದ ಮೊದಲ ವರ್ಷ ಹೆಚ್ಚು ಸಲ ಶ್ರುತಿ ಬೇಕಾಗುತ್ತದೆ ಎಂಬುದು ನೆನಪಿರಲಿ. ಮಗು ಈಗಷ್ಟೇ ಕಲಿಯಲು ಹೋಗುತ್ತಿದ್ದರೆ ಎಂಬತ್ತೆಂಟು ಕೀಗಳ, ಒತ್ತಿದರೆ ನಿಜವಾದ ಪಿಯಾನೊದ ಹಾಗೆ ತೂಕ ಸಿಗುವ ಕೀ ಇರುವ ಡಿಜಿಟಲ್ ಪಿಯಾನೊ ಸಾಕು. ಇದನ್ನು ಹೇಳಿ ವ್ಯಾಪಾರ ಕಳೆದುಕೊಂಡಿದ್ದೇವೆ, ಮುಂದೆಯೂ ಹೇಳುತ್ತೇವೆ.

ಅಜ್ಜನ ಕಾಲದ, ಬಂಗಲೆಗಳಲ್ಲಿ ಉಳಿದ ಹಳೆಯ ಇಂಗ್ಲಿಷ್ ಪಿಯಾನೊಗಳನ್ನು ಇನ್ನು ರಿಪೇರಿಗೆ ಹಿಡಿಯುವುದಿಲ್ಲ. ಹ್ಯಾಮರಿನ ಮೇಲುಗಡೆ, ತಂತಿಯ ನಾದ ನಿಲ್ಲಿಸುವ ಡ್ಯಾಂಪರ್ ಇದ್ದು ಅದರ ಮುಂದೆ ತಂತಿಗಳ ಪಂಜರದಂಥ ಸಾಲು ಕಾಣುವ ಮಾದರಿಗಳು ಅವು. ಖರ್ಚು ನೋಡಿದರೆ ಮೂಗಿಗಿಂತ ಮೂಗುತಿ ಭಾರ. ಮನೆಯ ನೆನಪಿಗೆ ಇಟ್ಟುಕೊಳ್ಳಿ, ನುಡಿಸಲು ಬೇರೆ ಕೊಳ್ಳಿ.

ಶ್ರುತಿಯ ವಿಷಯ. ಕೊಂಡ ಮೇಲೆ ಎರಡು ಶ್ರುತಿ ಉಚಿತ: ಮನೆಗೆ ಬಂದು ಮೂರು ವಾರ ಕಳೆದ ಮೇಲೆ ಒಂದು, ಮುಂದಿನ ಮಳೆಗಾಲ ಮುಗಿದ ಮೇಲೆ ಒಂದು. ಬಂದ ದಿನವೇ ಶ್ರುತಿ ಮಾಡಿ ಎಂದು ಒತ್ತಾಯಿಸಬೇಡಿ, ಅದು ನಿಲ್ಲುವುದಿಲ್ಲ. ಗದಗ ಸುಮಾರು 60 ಕಿಲೊಮೀಟರ್, ಹಾವೇರಿ 75ರಷ್ಟು. ಇನ್ನು ಮುಂದೆ ಅಲ್ಲಿಯ ಗ್ರಾಹಕರಿಗೆ ಉಚಿತ ಶ್ರುತಿಗಳಿಗೂ ಮಾಸ್ತರರ ಬಸ್ ಚಾರ್ಜು ಬೀಳುತ್ತದೆ. ಒಂದೇ ಊರಿನ ಇಬ್ಬರು ಮೂವರು ಮಾತಾಡಿಕೊಂಡು ಒಂದೇ ದಿನ ಕರೆಸಿದರೆ ಆ ಖರ್ಚನ್ನು ಹಂಚಿಕೊಳ್ಳಬಹುದು.

ಬೇರೆಡೆ ಕೊಳ್ಳುವವರಿಗೂ ಒಂದು ಮಾತು. ಹುಬ್ಬಳ್ಳಿ-ಧಾರವಾಡದ ಒಳಗೆ ಎಲ್ಲೇ ಪಿಯಾನೊ ನೋಡಲು ಹೋಗುವುದಿದ್ದರೂ ಮಾಸ್ತರರನ್ನು ಜೊತೆಗೆ ಕರೆದೊಯ್ಯಿರಿ. ಅವರ ಒಂದು ಹೊತ್ತಿನ ಮಜೂರಿ ಕೊಟ್ಟರೆ ಸಾಕು. ಕೊಳ್ಳಬಹುದು ಎಂದರೆ ಕೊಳ್ಳಿ, ನಮ್ಮಲ್ಲಿಗೇ ಬನ್ನಿ ಎಂದು ಅವರು ಹೇಳುವುದಿಲ್ಲ. ಒಬ್ಬರೇ ಹೋಗುವುದಾದರೆ ಇಷ್ಟು ಮಾಡಿ: ಮೇಲಿನ ಮುಚ್ಚಳ ತೆಗೆಸಿ ತಂತಿಗಳ ತುಕ್ಕು ನೋಡಿ, ಕೆಳಗಿನ ಹಲಗೆ ತೆಗೆಸಿ ಇಲಿಯ ಗುರುತು ನೋಡಿ, ಒಂದೊಂದೇ ಕೀಯನ್ನು ನಿಧಾನವಾಗಿ ಒತ್ತಿ ಮೇಲೆ ಬರುತ್ತದೆಯೇ ನೋಡಿ. ತೆಗೆಯಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ಈಗ ಗೋದಾಮಿನಲ್ಲಿ ನಿಂತಿರುವವುಗಳಲ್ಲಿ ಕೆಲವು ದೀಪಾವಳಿಯ ಹೊತ್ತಿಗೆ ಸಿದ್ಧವಾಗುತ್ತವೆ. ನೋಡಲು ಬರುವ ಮೊದಲು ಒಂದು ಫೋನ್ ಮಾಡಿ, ಮಾಸ್ತರರು ಶ್ರುತಿಗೆ ಕೂತಿದ್ದರೆ ಹೊರಗೆ ಕಾಯಬೇಕಾಗುತ್ತದೆ. ಬರುವಾಗ ನಿಮ್ಮ ಮನೆಯ ಬಾಗಿಲಿನ ಅಗಲ, ಮೆಟ್ಟಿಲಿನ ತಿರುವಿನ ಅಳತೆ ಬರೆದುಕೊಂಡು ಬನ್ನಿ. ಪಿಯಾನೊದ ಅಗಲ ಸುಮಾರು ಒಂದೂವರೆ ಮೀಟರ್, ಆಳ 60 ಸೆಂಟಿಮೀಟರಿಗಿಂತ ತುಸು ಹೆಚ್ಚು. ಮಾಳಿಗೆಯವರು ಮೆಟ್ಟಿಲಿನ ಫೋಟೊವನ್ನೂ ತನ್ನಿ, ಹಮಾಲರಿಗೆ ತೋರಿಸಿ ಅಲ್ಲಿಯೇ ದರ ಹೇಳಿಸುತ್ತೇವೆ.

ನಿಮ್ಮ ವಿಶ್ವಾಸದ,
ಅಂಗಡಿಯ ಮಾಲೀಕರು ಮತ್ತು ಮಾಸ್ತರರು