ಮೊದಲ ಕಲ್ಲು ದೊಡ್ಡ ಓತಿಕ್ಯಾತಕ್ಕೇ

ಸಂಪಾದಕರೇ,

ಬೇಸಿಗೆ ರಜೆ ಶುರುವಾಯಿತು ಅಂದರೆ ನಮ್ಮ ಆನೆಗೊಂದಿ ಸುತ್ತಲಿನ ಬಂಡೆಗಳ ಮೇಲೆ ಓತಿಕ್ಯಾತಗಳಿಗೆ ಕೆಟ್ಟ ಕಾಲ. ಮೊನ್ನೆ ಸಂಜೆ ಗದ್ದೆಯಿಂದ ಬರುವಾಗ ನಾಲ್ಕು ಹುಡುಗರು ಕವಣೆ ಹಿಡಿದು ನಿಂತಿದ್ದರು. ಬಂಡೆಯ ತುದಿಯಲ್ಲಿ ಕೂತಿದ್ದ ದಪ್ಪನೆಯ ಗಂಡು, ಕೆಂಪು ಬೆನ್ನು, ಕಪ್ಪು ಪಕ್ಕೆ, ಅದೇ ಅವರ ಗುರಿ. ‘ತಲಿ ಆಡಿಸಿ ನಮ್ಮನ್ನ ಅಣಕಸ್ತದ ರೀ’ ಅಂದ ಒಬ್ಬ. ಚಿಕ್ಕವನಿದ್ದಾಗ ನಾನೂ ಇದನ್ನೇ ನಂಬಿದ್ದೆ, ಕಲ್ಲೂ ಹೊಡೆದಿದ್ದೆ, ಸುಳ್ಳು ಯಾಕೆ ಹೇಳಲಿ.

ಅದು ತಲೆ ಆಡಿಸುವುದು ಹುಡುಗರಿಗಲ್ಲ, ಪಕ್ಕದ ಬಂಡೆಯ ಗಂಡಿಗೆ, ಇಲ್ಲವೇ ಹೆಣ್ಣಿಗೆ. ಈ ಬಂಡೆ ಓತಿಯಲ್ಲಿ ಹೆಣ್ಣಿಗಿಂತ ಗಂಡು ಬಲು ದೊಡ್ಡದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ಇದರ ಬಗ್ಗೆ 2006ರಲ್ಲೇ ಬರೆದಿದ್ದಾರೆ: ಮೈ ದೊಡ್ಡದಿದ್ದವು ಎತ್ತರದ ಜಾಗ ಹಿಡಿಯುತ್ತವೆ. ಎತ್ತರದಲ್ಲಿ ಕೂತರೆ ಹೆಣ್ಣೂ ಕಾಣುತ್ತದೆ, ಎದುರಾಳಿಯೂ ಕಾಣುತ್ತಾನೆ, ಆದರೆ ತಾನೂ ಎಲ್ಲರಿಗೂ ಕಾಣುತ್ತದೆ, ಗಿಡುಗಕ್ಕೂ, ಕವಣೆಗೂ. ಹಾಗಾಗಿ ನಾವು ಸುಮ್ನೆ ಆಟಕ್ಕೆ ಹೊಡೆಯುವ ಕಲ್ಲು ತಾಗುವುದು ಆ ಬಂಡೆಯ ಯಜಮಾನನಿಗೇ, ಅದೂ ಅದು ಜೋಡಿಯಾಗುವ ಹಂಗಾಮಿನಲ್ಲೇ. ಇವುಗಳ ಆಯಸ್ಸೇ ಕಡಿಮೆ, ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ.

ಹಾಗಂತ ಎಲ್ಲ ಕಡೆ ದೊಡ್ಡವನೇ ಗೆಲ್ಲುತ್ತಾನೆ ಎಂದೇನೂ ಇಲ್ಲ. ಕ್ಯಾಲಿಫೋರ್ನಿಯಾದ ಒಂದು ಜಾತಿಯ ಹಲ್ಲಿಯಲ್ಲಿ ಮೂರು ಥರದ ಗಂಡುಗಳಿವೆ. ಕಿತ್ತಳೆ ಗಂಟಲಿನದು ಜಗಳಗಂಟ, ದೊಡ್ಡ ಜಾಗ ಹಿಡಿದು ಹಲವು ಹೆಣ್ಣು ಕಾಯುತ್ತದೆ. ಹಳದಿ ಗಂಟಲಿನದಕ್ಕೆ ಸ್ವಂತ ಜಾಗವೇ ಇಲ್ಲ, ಹೆಣ್ಣಿನ ಹಾಗೆ ನಟಿಸಿ ಕಿತ್ತಳೆಯದರ ಕಣ್ಣು ತಪ್ಪಿಸಿ ಒಳಗೆ ನುಗ್ಗುತ್ತದೆ! ನೀಲಿಯದು ಮಾತ್ರ ತನ್ನ ಹೆಣ್ಣನ್ನು ಬಿಟ್ಟು ಕದಲುವುದಿಲ್ಲ, ಹಾಗಾಗಿ ಹಳದಿಯ ಆಟ ಅಲ್ಲಿ ನಡೆಯುವುದಿಲ್ಲ, ಆದರೆ ಕಿತ್ತಳೆಯ ಮುಂದೆ ಅದು ಸೋಲುತ್ತದೆ. ಕಂದು ಅನೋಲ್ ಎಂಬ ಇನ್ನೊಂದು ಹಲ್ಲಿಯದು ಇದಕ್ಕಿಂತ ಸೋಜಿಗ. ಹೆಣ್ಣು ದೊಡ್ಡ ಗಂಡಿನಿಂದ ಗಂಡುಮರಿಗಳನ್ನೂ, ಚಿಕ್ಕ ಗಂಡಿನಿಂದ ಹೆಣ್ಣುಮರಿಗಳನ್ನೂ ಜಾಸ್ತಿ ಪಡೆಯುತ್ತದಂತೆ, 2010ರಲ್ಲಿ ಬಂದ ವರದಿ. ಅಂದರೆ ಗಂಡುಗಳು ಎಷ್ಟೇ ಎಗರಾಡಲಿ, ಕೊನೆಯ ಲೆಕ್ಕ ಹೆಣ್ಣಿನ ಕೈಯಲ್ಲೂ ಇದೆ ಅಲ್ವಾ?

ಮೇಷ್ಟ್ರುಗಳು ರಜೆ ಬಿಡುವ ಮುಂಚೆ ಮಕ್ಕಳಿಗೆ ಇಷ್ಟನ್ನು ಹೇಳಿದರೆ ಸಾಕು, ಬೈಯುವುದು ಬೇಡ. ಅವತ್ತು ನಾನು ಕವಣೆ ಇಸಿದುಕೊಂಡು ಮೊಬೈಲ್ ಕೊಟ್ಟೆ, ಫೋಟೋ ತೆಗೆಯಿರಿ ಎಂದೆ. ಹುಡುಗರು ಮೆಲ್ಲಗೆ ಬಂಡೆ ಹತ್ತಿದರು. ಹತ್ತಿರ ಹೋಗುವಷ್ಟರಲ್ಲಿ ಕೆಂಪೆಲ್ಲ ಇಳಿದು ಅದು ಬಂಡೆಯ ಬಣ್ಣಕ್ಕೆ ಬಂದಿತ್ತು, ಫೋಟೋದಲ್ಲಿ ಎಲ್ಲಿದೆ ಎಂದು ಹುಡುಕಲು ನಾಲ್ವರೂ ಜಗಳಕ್ಕೆ ಬಿದ್ದರು.

– ಒಬ್ಬ ರೈತ, ಆನೆಗೊಂದಿ, ಕೊಪ್ಪಳ ಜಿಲ್ಲೆ