ಗಡಿಯ ಫೋನು ಯಾರ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಕಾಸರಗೋಡಿನ ಪೂರ್ವದಂಚಿನ ದೇಲಂಪಾಡಿ, ಬೆಳ್ಳೂರು, ಎಣ್ಮಕಜೆ ಪಂಚಾಯತುಗಳಲ್ಲಿ ನೆಟ್‌ವರ್ಕ್ ವಿಷಯ ಬಂದಾಗಲೆಲ್ಲ ‘ಇನ್ನೊಂದು ಟವರ್ ಬೇಕು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಟವರ್ ಬೇಕು, ನಿಜ. ಆದರೆ ಇರುವ ನಿಯಮದ ಅಳತೆಗೋಲಿಗೇ ಗಡಿಯ ಊರುಗಳು ಕಾಣಿಸುತ್ತಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ಸೇವಾ ಗುಣಮಟ್ಟ ನಿಯಮಗಳು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿವೆ. ಟವರ್‌ಗಳು ಕೆಟ್ಟು ನಿಂತ ಹೊತ್ತು ಒಟ್ಟಾರೆ ಶೇ 2ರೊಳಗಿರಬೇಕು. 30 ದಿನದ ತಿಂಗಳಲ್ಲಿ ಟವರೊಂದಕ್ಕೆ ಸರಾಸರಿ 14 ಗಂಟೆ ಚಿಲ್ಲರೆ. ಅಳೆಯುವುದು ಮಾತ್ರ ಕೇರಳದ ಇಡೀ ಸೇವಾ ವಲಯಕ್ಕೆ, ಅಂದರೆ ಕೇರಳ ಸರ್ಕಲ್‌ಗೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಬ್ಯಾಟರಿ ಬರಿದಾಗಿ, ಡೀಸೆಲ್ ತರುವವರಿಲ್ಲದೆ ಗುಡ್ಡದ ಮೇಲಿನ ಟವರ್ ಎರಡು ದಿನ ಸತ್ತು ಬಿದ್ದರೂ ಕೊಚ್ಚಿ, ಕೋಯಿಕ್ಕೋಡಿನ ಟವರ್‌ಗಳ ಜತೆ ಕೂಡಿಸಿದಾಗ ಅದು ಮುಳುಗಿಹೋಗುತ್ತದೆ. ಜಿಲ್ಲಾ ಮಟ್ಟದಲ್ಲಿ ಸೇವೆ 24 ಗಂಟೆ ಮೀರಿ ನಿಂತರೆ ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ಕಡಿತ, ಪ್ರಿಪೇಯ್ಡ್‌ಗೆ ವ್ಯಾಲಿಡಿಟಿ ವಿಸ್ತರಣೆ ಸಿಗಬೇಕೆಂದೂ ನಿಯಮವಿದೆ. ಒಂದು ವಾರ್ಡು ಕತ್ತಲಾದರೆ ಏನೂ ಇಲ್ಲ.

ಗಡಿಯ ಗೋಜಲು ಬೇರೆಯೇ. ಪಯಸ್ವಿನಿ ಹೊಳೆಯ ಆಸುಪಾಸಿನಲ್ಲಿ ಸ್ಥಳೀಯ ಸಿಗ್ನಲ್ ಕುಗ್ಗಿದರೆ ಫೋನು ಜಾಲ್ಸೂರು, ಮಂಡೆಕೋಲು ಕಡೆಯ ಕರ್ನಾಟಕದ ಟವರ್ ಹಿಡಿಯುತ್ತದೆ. ಸಿಗ್ನಲ್ ಪಕ್ಕದ ಸರ್ಕಲ್‌ಗೆ ಹರಿಯದಿರಲೆಂದು ಗಡಿಯ ಆಂಟೆನಾಗಳನ್ನು ಕೆಳಕ್ಕೆ ಬಾಗಿಸಿರುವುದರಿಂದ ಅದೂ ಗಟ್ಟಿಯಾಗಿ ಸಿಗದು. ಆಗ ಕರೆ ತುಂಡಾದರೆ ಅದು ಸೇರುವುದು ಕರ್ನಾಟಕ ಸರ್ಕಲ್‌ನ ಅಂಕಿ‌ಅಂಶಕ್ಕೆ. ಕೇರಳದ ಕೊರತೆ ಕೇರಳದ ವರದಿಯಲ್ಲಿ ದಾಖಲಾಗುವುದೇ ಇಲ್ಲ. 112ಕ್ಕೆ ಕರೆ ಮಾಡಿದರೂ ಟವರ್ ಇರುವ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗುವ ಸಂಭವವೇ ಹೆಚ್ಚು. ಆಂಬುಲೆನ್ಸ್‌ಗೆ ಕರೆ ಮಾಡುವವರು ಮೊದಲು ‘ಕಾಸರಗೋಡು ಜಿಲ್ಲೆ’ ಎಂದು, ಆಮೇಲೆ ಪಂಚಾಯತು, ವಾರ್ಡು ಹೇಳುವುದು ಒಳ್ಳೆಯದು.

ದೂರು ಕೊಡುವವರು ‘ರೇಂಜಿಲ್ಲ’ ಎಂದಷ್ಟೇ ಬರೆದರೆ ‘ಪರಿಶೀಲಿಸಲಾಗಿದೆ’ ಎಂಬ ಉತ್ತರ ಬಂದು ಕಡತ ಮುಚ್ಚುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’, ಅದರೊಳಗೆ ‘ಸಿಮ್ ಸ್ಟೇಟಸ್’ ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಮಾನದಲ್ಲಿ ಸಿಗುತ್ತದೆ. 4ಜಿಯಲ್ಲಿ ಮೈನಸ್ 95ರ ಆಸುಪಾಸು ಚೆನ್ನ, ಮೈನಸ್ 110 ದಾಟಿದರೆ ಕರೆ ತಡವರಿಸುತ್ತದೆ, ಮೈನಸ್ 120ರಲ್ಲಿ ಆಸೆ ಬಿಡಬೇಕು. ಅಂಗಳದಲ್ಲೊಮ್ಮೆ, ಮನೆಯೊಳಗೊಮ್ಮೆ ನೋಡಿ. ಮುರಕಲ್ಲಿನ ಗೋಡೆ ಸಾಕಷ್ಟು ನುಂಗುತ್ತದೆ. ಕಂಪನಿಗಳು ಈಗ ವೆಬ್‌ಸೈಟಿನಲ್ಲಿ ಹಾಕಲೇಬೇಕಾದ ಕವರೇಜ್ ನಕ್ಷೆಯಲ್ಲಿ ನಿಮ್ಮ ಜಾಗಕ್ಕೆ ಬಣ್ಣ ಬಳಿದಿದ್ದರೆ ಅದರ ಸ್ಕ್ರೀನ್‌ಶಾಟ್ ಜತೆಗಿಡಿ. ಫೋನು ಹಿಡಿದಿರುವುದು ಯಾವ ಸರ್ಕಲ್‌ನ ಟವರ್ ಎಂದು ನೆಟ್‌ವರ್ಕ್ ಕೋಡ್ ಹೇಳುತ್ತದೆ: ಬಿಎಸ್‌ಎನ್‌ಎಲ್‌ಗೆ ಕೇರಳದಲ್ಲಿ 404-72, ಕರ್ನಾಟಕದಲ್ಲಿ 404-71, ಏರ್‌ಟೆಲ್‌ಗೆ ಕ್ರಮವಾಗಿ 404-95 ಮತ್ತು 404-45. ಸಿಗ್ನಲ್ ತೋರಿಸುವ ಉಚಿತ ಆ್ಯಪ್‌ಗಳಲ್ಲಿ ಈ ಕೋಡೂ ಟವರ್‌ನ ಗುರುತು ಸಂಖ್ಯೆಯಾದ ಸೆಲ್ ಐಡಿಯೂ ಇರುತ್ತವೆ.

ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ, ದೂರು ದಾಖಲಾದ ಡಾಕೆಟ್ ನಂಬರು ಪಡೆಯದೆ ಫೋನಿಡಬಾರದು. ಪರಿಹಾರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. 39 ದಿನದಲ್ಲಿ ತೀರ್ಮಾನವಾಗಬೇಕು. ಟ್ರಾಯ್‌ಗೇ ಬರೆದು ಕಾಯುವವರಿದ್ದಾರೆ, ಆದರೆ ಅದು ಬಿಡಿ ದೂರುಗಳನ್ನು ಇತ್ಯರ್ಥ ಮಾಡುವುದಿಲ್ಲ. ಗ್ರಾಹಕ ನ್ಯಾಯಾಲಯದ ಬಾಗಿಲೂ ತೆರೆದಿದೆ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಟವರ್ ಕೆಟ್ಟು ನಿಂತ ಗಂಟೆಗಳನ್ನು ಪಂಚಾಯತುವಾರು ಪ್ರಕಟಿಸುವಂತೆ ಟ್ರಾಯ್ ಆದೇಶಿಸಬೇಕು. ಗಡಿಯಿಂದ ಐದು ಕಿಲೋಮೀಟರಿನೊಳಗಿನ ಮನೆಗಳ ಫೋನು ಪಕ್ಕದ ಸರ್ಕಲ್‌ನ ಟವರ್‌ನಲ್ಲಿ ಎಷ್ಟು ಹೊತ್ತು ಇರುತ್ತದೆಂಬುದೂ ಕಂಪನಿಗಳ ಸರ್ವರ್‌ನಲ್ಲಿದೆ. ಅದನ್ನೂ ಕೇರಳದ ಕೊರತೆಯೆಂದೇ ಎಣಿಸಬೇಕು. ಸಂಸದರು ದೂರಸಂಪರ್ಕ ಇಲಾಖೆಗೆ ಟವರ್ ಬೇಡಿಕೆ ಬರೆಯುವಾಗ ಈ ಎರಡು ಸಾಲನ್ನೂ ಸೇರಿಸಲಿ.

– ಗಡಿನಾಡಿನ ಓದುಗರು, ಮುಳ್ಳೇರಿಯ